ಮನುಷ್ಯ: ಸೆಕೆಂಡ್ ಇಯರ್, ಸೈಕಾಲಜಿ

ಮನಸ್ಸು ಎಲ್ಲಿದೆ ಎಂದು ನಮ್ಮ ಹಿರಿಯರು ಸುಮ್ಮನೆ ತಲೆ ಕೆಡಿಸಿಕೊಂಡರು. ಎದೆಯಲ್ಲಿ ಎಂದರು ಕೆಲವರು, ಹುಬ್ಬಿನ ನಡುವೆ ಎಂದರು ಕೆಲವರು. ಪಾಪ, ವಿಳಾಸ ಗೊತ್ತಿರಲಿಲ್ಲ. ಅದು ಇರುವುದು ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗದಲ್ಲಿ, ಪ್ರಯೋಗಶಾಲೆಯ ಹೊರಗಿನ ಕುರ್ಚಿಯ ಮೇಲೆ. ವಯಸ್ಸು ಹತ್ತೊಂಬತ್ತು. ಓದುತ್ತಿರುವುದು ಸೆಕೆಂಡ್ ಇಯರ್. ಅರ್ಧ ಗಂಟೆ ಕೂತು ಪ್ರಶ್ನೆಗಳಿಗೆ ಗೀಟು ಹಾಕಿದರೆ ಕೋರ್ಸಿಗೆ ಒಂದಿಷ್ಟು ಅಂಕ ಸಿಗುತ್ತದೆಂದು ಬಂದು ಕೂತಿದೆ. ಭಯ ಎಂದರೇನು, ಪ್ರೀತಿ ಹೇಗೆ ಹುಟ್ಟುತ್ತದೆ, ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆ, ಎಲ್ಲದಕ್ಕೂ ಮನುಕುಲದ ಪರವಾಗಿ ಉತ್ತರ ಕೊಟ್ಟು, ಎದ್ದು ಪಿಜ್ಜಾ ತಿನ್ನಲು ಹೋಗುತ್ತದೆ.

ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಲೆಕ್ಕ ಅವರದೇ. ಜೆಫ್ರಿ ಆರ್ನೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ದೇಶದ ಆರು ದೊಡ್ಡ ಸಂಶೋಧನಾ ಪತ್ರಿಕೆಗಳನ್ನು ಜಾಲಾಡಿ 2008ರಲ್ಲಿ ವರದಿ ಒಪ್ಪಿಸಿದರು. ಅಧ್ಯಯನಕ್ಕೆ ಆಯ್ದವರಲ್ಲಿ ಶೇ. 68 ಮಂದಿ ಅಮೆರಿಕದವರು. ಪಾಶ್ಚಾತ್ಯ ಕೈಗಾರಿಕಾ ದೇಶಗಳನ್ನೆಲ್ಲ ಸೇರಿಸಿದರೆ ಶೇ. 96. ಆ ದೇಶಗಳಲ್ಲಿ ಇರುವುದೋ, ಲೋಕದ ಜನಸಂಖ್ಯೆಯ ಶೇ. 12. ಎರಡು ವರ್ಷದ ಮೇಲೆ, ಕೆನಡಾದಲ್ಲಿದ್ದ ಜೋಸೆಫ್ ಹೆನ್ರಿಕ್, ಸ್ಟೀವನ್ ಹೈನೆ, ಆರಾ ನೊರೆನ್ಜಾಯನ್ ಎಂಬ ಮೂವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಶೇ. 12 ಮಂದಿ ಲೋಕದ ಸರಾಸರಿಯೂ ಅಲ್ಲ, ಎಷ್ಟೋ ವಿಷಯಗಳಲ್ಲಿ ಸಾಲಿನ ತುತ್ತತುದಿಗೆ ಒಬ್ಬರೇ ನಿಂತವರು ಎಂದು ತೋರಿಸಿದರು. ಆ ಲೇಖನವನ್ನು ಆಮೇಲೆ ಸಾವಿರಾರು ಲೇಖನಗಳು ಭಕ್ತಿಯಿಂದ ಉಲ್ಲೇಖಿಸಿದವು. ಉಲ್ಲೇಖಿಸಿ ಕೈ ತೊಳೆದುಕೊಂಡು, ಅದೇ ಕುರ್ಚಿಯ ಮೇಲಿದ್ದವನನ್ನು ಒಳಗೆ ಕರೆದವು.

ಉಳಿದ ಶೇ. 88 ಜನ ಎಲ್ಲಿರುತ್ತಾರೆ? ಬೇಕಾದಷ್ಟು ಮಂದಿ ಉಧ್ನಾದಲ್ಲಿದ್ದಾರೆ. ಸೂರತ್ತಿನ ದಕ್ಷಿಣದ ಮಗ್ಗುಲು. ಮುಂಬೈಯಿಂದ ಹೋಗುವಾಗ ಸೂರತ್ತಿಗೆ ಮುಂಚೆ ಸಿಗುವ ಜಂಕ್ಷನ್, ಜಲಗಾಂವ್ ಕಡೆಗೆ ಹಳಿ ಕವಲೊಡೆಯುವ ಜಾಗ. ಕನ್ನಡಿಗರಿಗೆ ಊರಿನ ಹೆಸರು ಗೊತ್ತಿಲ್ಲದಿದ್ದರೂ ಮನೆಯ ಬೀರುವಿಗೆ ಗೊತ್ತಿರುತ್ತದೆ. ಮದುವೆಯಲ್ಲಿ ಬಂದವರಿಗೆ ಹಂಚಲೆಂದು ಚಿಕ್ಕಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಳ್ಳುತ್ತೇವಲ್ಲ ಸೂರತ್ ಸೀರೆ, ಅದರ ಬಟ್ಟೆ ಇಳಿಯುವುದು ಇಂಥ ಕಡೆಯ ಪವರ್‌ಲೂಮುಗಳಿಂದ. ಮಗ್ಗ ನಡೆಸುವವರಲ್ಲಿ ದೊಡ್ಡ ಪಾಲು ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆಯ ಪಾಳಿ, ಮೀಟರ್ ಲೆಕ್ಕದ ಕೂಲಿ, ‘ಮೆಸ್’ ಎಂದು ಕರೆಯುವ ಉದ್ದನೆಯ ಕೋಣೆಯಲ್ಲಿ ಒಂದು ಚಾಪೆಯಷ್ಟು ಜಾಗ.

ಮಗ್ಗದಿಂದ ಇಳಿದ ಬಣ್ಣವಿಲ್ಲದ ಬಟ್ಟೆಗೆ ಅಲ್ಲಿ ‘ಗ್ರೇ’ ಎನ್ನುತ್ತಾರೆ. ಅದು ಪಾಂಡೇಸರಾದ ಮಿಲ್ಲುಗಳಿಗೆ ಹೋಗಿ ಬಣ್ಣ ಹಾಕಿಸಿಕೊಂಡು, ರಿಂಗ್ ರೋಡಿನ ಮಾರುಕಟ್ಟೆಯಲ್ಲಿ ಯಾವ ಊರಿನ ಹೆಸರು ಬೇಕೋ ಆ ಹೆಸರು ಹಚ್ಚಿಸಿಕೊಂಡು ಹೊರಡುತ್ತದೆ. ಮನಶ್ಶಾಸ್ತ್ರದ ವ್ಯಾಪಾರವೂ ಇದೇ. ಗ್ರೇ ನಮ್ಮದು, ಪ್ರಿಂಟು ಅವರದು, ಬಿಲ್ಲು ಮತ್ತೆ ನಮ್ಮ ಹೆಸರಿಗೆ.

ಈಗ ನಮ್ಮ ಸಂಶೋಧಕರೊಬ್ಬರನ್ನು ಉಧ್ನಾ ಸ್ಟೇಷನ್ನಿನಲ್ಲಿ ಇಳಿಸೋಣ. ಕಲ್ಪನೆಯ ವ್ಯಕ್ತಿ, ಯಾರನ್ನಾದರೂ ಹೋಲಿದರೆ ತಪ್ಪು ಅವರದು. ಕೈಯಲ್ಲಿ ಪ್ರಶ್ನಾವಳಿ, ಕಂಕುಳಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಇಂಗ್ಲಿಷು ಬೆರೆತ ಹಿಂದಿ. ಮನುಷ್ಯನ ವ್ಯಕ್ತಿತ್ವಕ್ಕೆ ಐದೇ ಆಯಾಮ ಎಂದು ಅವರು ಓದಿಕೊಂಡು ಬಂದಿದ್ದಾರೆ. ಮೊದಲ ಪ್ರಶ್ನೆ: ‘ನಾನು ಹೆಚ್ಚು ಮಾತನಾಡುವ ಸ್ವಭಾವದವನು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಕಿಂಚಿತ್ತೂ ಒಪ್ಪುವುದಿಲ್ಲ.’ ಮಗ್ಗದ ಶೆಡ್ಡಿನಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ಸಾಗುತ್ತದೆ. ಕಾರ್ಮಿಕ ಮಾತಾಡುವುದಿಲ್ಲ ಎಂಬ ಚೌಕಕ್ಕೆ ಗೀಟು ಹಾಕುತ್ತಾನೆ. ಸಂಜೆಯ ಹೊತ್ತಿಗೆ ಇಡೀ ಶೆಡ್ಡು ಅಂತರ್ಮುಖಿ ಎಂದು ದಾಖಲಾಗುತ್ತದೆ. ಮಗ್ಗದ ಸದ್ದು ಮಾತ್ರ ಯಾವ ಆಯಾಮಕ್ಕೂ ಸೇರುವುದಿಲ್ಲ.

ಮುಂದಿನ ಪ್ರಶ್ನೆ: ‘ನನ್ನದೇ ಆದ ಜಾಗ ನನಗೆ ಮುಖ್ಯ.’ ಹಗಲು ಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುವ ಕೋಣೆ ಅದು. ‘ಹಗಲು ಮುಖ್ಯ ಸಾಹೇಬ್, ರಾತ್ರಿ ಅದು ಇನ್ನೊಬ್ಬನದು’ ಎನ್ನುತ್ತಾನೆ ಅವನು. ಇದಕ್ಕೆ ‘ತಟಸ್ಥ’ ಎಂದು ಬರೆದುಕೊಳ್ಳುತ್ತಾರೆ.

ನಗಬೇಡಿ. ಬೊಲಿವಿಯಾದ ಕಾಡಿನ ತ್ಸಿಮಾನೆ ಜನರ ಮೇಲೆ ಇದೇ ಐದು ಆಯಾಮಗಳ ಅಳತೆಯನ್ನು ಹಾಕಿ ನೋಡಿದವರು, ಆ ಐದೂ ಅಲ್ಲಿ ಸಿಗಲಿಲ್ಲ ಎಂದು 2013ರಲ್ಲಿ ಬರೆದಿದ್ದಾರೆ. ಸಿಗದಿದ್ದರೆ ಅಳತೆಯನ್ನು ಅನುಮಾನಿಸಬಹುದಿತ್ತು. ಆದರೆ ನಮ್ಮಲ್ಲಿ ಅಂಗಿ ಹಿಡಿಸದಿದ್ದರೆ ದರ್ಜಿಯನ್ನು ಬೈಯುವ ಧೈರ್ಯ ಯಾರಿಗಿದೆ? ಮೈಯನ್ನೇ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತೇವೆ.

ಮೂರನೆಯ ಅಸ್ತ್ರ ‘ನಾನು ಯಾರು?’ 1954ರಲ್ಲಿ ಕೂನ್ ಮತ್ತು ಮೆಕ್‌ಪಾರ್ಟ್‌ಲಂಡ್ ಎಂಬಿಬ್ಬರು ಮಾಡಿದ ಪರೀಕ್ಷೆ; ಈ ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆಯಬೇಕು. ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳು ಇದೇ ಪ್ರಶ್ನೆ ಹಿಡಿದು ಜೀವಮಾನವೆಲ್ಲ ಕೂತರು. ಇಲ್ಲಿ ಕೊಡುವುದು ಕೆಲವೇ ನಿಮಿಷ. ಅಮೆರಿಕದ ಹುಡುಗ ನಾನು ಹಾಸ್ಯಪ್ರಿಯ, ಮಹತ್ವಾಕಾಂಕ್ಷಿ, ಸ್ವಲ್ಪ ಸಂಕೋಚದವನು ಎಂದು ಸರಸರನೆ ಇಪ್ಪತ್ತು ತುಂಬಿಸಿಬಿಡುತ್ತಾನೆ. ನಮ್ಮವನು ಗಂಜಾಂನವನು, ಅಪ್ಪನ ಎರಡನೇ ಮಗ, ಇಬ್ಬರು ತಂಗಿಯರ ಅಣ್ಣ, ಇಂಥ ಶೇಠ್‌ನ ಶೆಡ್ಡಿನವನು ಎಂದು ಬರೆಸಿ ನಿಲ್ಲಿಸುತ್ತಾನೆ. ಇನ್ನೇನಿದೆ ಹೇಳುವುದಕ್ಕೆ? ನಮ್ಮ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜನಿಗೆ ಎರಡೇ ಪ್ರಶ್ನೆ ಸಾಕು, ‘ಯಾವೂರಾತು? ಯಾರ ಪೈಕಿ?’ ಮುಂದಿನ ಸ್ಟಾಪು ಬರುವುದರೊಳಗೆ ನಿಮ್ಮ ಅಜ್ಜಿಯ ತವರುಮನೆಯವರೆಗೂ ಪತ್ತೆ ಹಚ್ಚಿರುತ್ತಾನೆ. ಸಂಶೋಧಕರು ಮಾತ್ರ ಖಾಲಿ ಉಳಿದ ಹದಿನಾರು ಗೆರೆಗಳನ್ನು ನೋಡಿ ‘ಸ್ವಪ್ರಜ್ಞೆಯ ಕೊರತೆ’ ಎಂದು ಟಿಪ್ಪಣಿ ಹಾಕುತ್ತಾರೆ.

ಅಮೆರಿಕದವರಲ್ಲೇ ಕೆಲವರು ಬಂದು ಕಿವಿಗೊಟ್ಟು ಕೇಳಿಸಿಕೊಂಡದ್ದುಂಟು. ರಿಚರ್ಡ್ ಶ್ವೇಡರ್ ಮತ್ತು ಎಡ್ಮಂಡ್ ಬೋರ್ನ್ ಗಂಜಾಂನಿಂದ ಹೆಚ್ಚು ದೂರವಿಲ್ಲದ ಭುವನೇಶ್ವರದ ಜನರಿಗೆ ನಿಮ್ಮ ಪರಿಚಯದವರು ಎಂಥವರು ಎಂದು ಕೇಳಿದರು. ಅಮೆರಿಕದವರು ‘ಆಕೆ ಸ್ನೇಹಜೀವಿ’ ಎನ್ನುವ ಕಡೆ ಇವರು ‘ಹಬ್ಬದ ದಿನ ನಮ್ಮ ಮನೆಗೆ ತಿಂಡಿ ತಂದುಕೊಡುತ್ತಾಳೆ’ ಎಂದರು. ಇದು ಅಮೂರ್ತವಾಗಿ ಯೋಚಿಸಲು ಬಾರದ ದಡ್ಡತನ ಇರಬಹುದೇ ಎಂದು ಪರೀಕ್ಷಿಸಿ, ಅಲ್ಲ, ಇವರು ಮನುಷ್ಯನನ್ನು ನೋಡುವ ಬಗೆಯೇ ಹೀಗೆ ಎಂದು 1984ರಲ್ಲಿ ಬರೆದರು.

ಅದೇ ವರ್ಷ ನಮ್ಮ ಮೈಸೂರಿನ ಸರದಿ. ಜೋನ್ ಮಿಲ್ಲರ್ ಎಂಬ ವಿದ್ವಾಂಸೆ ಷಿಕಾಗೋದವರನ್ನೂ ಮೈಸೂರಿನವರನ್ನೂ ಎದುರುಬದುರು ನಿಲ್ಲಿಸಿ ನೋಡಿದರು. ಅದರಲ್ಲಿ ಬರುವ ಒಂದು ಪ್ರಸಂಗ ಹೀಗೆ. ವಕೀಲರೊಬ್ಬರು ಕೋರ್ಟಿಗೆ ಹೋಗುತ್ತಿದ್ದ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಸಿಡಿಯಿತು. ಹಿಂದೆ ಕೂತಿದ್ದವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ಪೆಟ್ಟು ಎಷ್ಟರ ಮಟ್ಟಿನದು ಎಂದು ಡಾಕ್ಟರನ್ನು ಕೇಳದೆ ಕೋರ್ಟಿಗೆ ಹೋದರು. ಅವನು ಸತ್ತ. ಅಮೆರಿಕದವರ ತೀರ್ಪು ಒಂದೇ ಗೆರೆ: ಈ ವಕೀಲ ಬೇಜವಾಬ್ದಾರಿ ಮನುಷ್ಯ. ಮೈಸೂರಿನವರು ಹಾಗೆ ಪಟ್ಟೆಂದು ಕಡ್ಡಿ ಮುರಿಯಲಿಲ್ಲ. ಕೋರ್ಟಿನ ಕೆಲಸ ಅವರ ಕರ್ತವ್ಯವಲ್ಲವೇ, ಗಾಬರಿಯಾಗಿತ್ತೇನೋ, ಪೆಟ್ಟು ಅಷ್ಟು ಜೋರಾಗಿ ಕಂಡಿರಲಿಕ್ಕಿಲ್ಲ ಎಂದು ಸುತ್ತಮುತ್ತಲನ್ನೆಲ್ಲ ಸಾಕ್ಷಿಗೆ ಕರೆದರು. ಮಿಲ್ಲರ್ ಕಂಡ ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ಷಿಕಾಗೋದ ಕೂಸೂ ಮೈಸೂರಿನ ಕೂಸೂ ಒಂದೇ. ಬೆಳೆಯುತ್ತ ಅದು ಷಿಕಾಗೋ ಆಯಿತು, ಇದು ಮೈಸೂರಾಯಿತು.

ಮನುಷ್ಯರು ಸಂದರ್ಭವನ್ನು ಮರೆತು ಗುಣವನ್ನೇ ದೂರುವ ಈ ಚಾಳಿಗೆ ಅಮೆರಿಕದಲ್ಲಿ 1977ರಲ್ಲೇ ನಾಮಕರಣವಾಗಿತ್ತು. ಲೀ ರಾಸ್ ಅದನ್ನು ‘ಮೂಲಭೂತ’ ದೋಷ ಎಂದು ಕರೆದಿದ್ದರು. ಮೈಸೂರಿನವರು ಅಷ್ಟಾಗಿ ಮಾಡದ ತಪ್ಪು ಮನುಕುಲಕ್ಕೆ ಹೇಗೆ ಮೂಲಭೂತವಾಯಿತು ಎಂದು ಕೇಳಿದವರುಂಟು. ಹೆಸರು ಪಠ್ಯದಲ್ಲಿ ಅಚ್ಚಾಗಿ ಹೋಗಿತ್ತು. ಮೈಸೂರನ್ನೇ ‘ಸಾಂಸ್ಕೃತಿಕ ವ್ಯತ್ಯಾಸ’ ಎಂಬ ಪುಟಕ್ಕೆ ಸಾಗಿಸಿದರು. ಹಾಗೆಂದು ಮೈಸೂರಿನವರು ಬೀಗಬೇಕಾಗಿಲ್ಲ. ನಮ್ಮ ಸಂದರ್ಭಪ್ರಜ್ಞೆಯ ಗುಟ್ಟು ನಮಗೇ ಗೊತ್ತು: ತಪ್ಪು ಮಾಡಿದವನು ನಮ್ಮವನಾದರೆ ಸಂದರ್ಭ, ಪಕ್ಕದ ಕೇರಿಯವನಾದರೆ ಗುಣ. ಈ ಕಾಲಮ್ಮನ್ನು ಯಾವ ಪ್ರಶ್ನಾವಳಿಯಲ್ಲೂ ನಾನು ಕಂಡಿಲ್ಲ.

ಅದೇ ಮೈಸೂರಿನಲ್ಲಿ 1924ರಷ್ಟು ಹಿಂದೆಯೇ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದ್ದು. ಆ ಪುಟ್ಟ ಕೇಂದ್ರದ ಹೆಸರು ಆಕಾಶವಾಣಿ. ಜನರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಕ್ಕಿಂತ ಹಾಡು ಕೇಳಿಸುವುದು ಮೇಲು ಎಂದು ಅವರಿಗೆ ಅನ್ನಿಸಿತೋ ಏನೋ. ಅನ್ನಿಸಿದ್ದರೆ ತಪ್ಪಿಲ್ಲ.

ಮಕ್ಕಳ ಸಂಯಮ ಅಳೆಯುವ ಮಾರ್ಷ್‌ಮೆಲ್ಲೊ ಪರೀಕ್ಷೆ ನೀವೂ ಕೇಳಿರುತ್ತೀರಿ. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ವಾಲ್ಟರ್ ಮಿಷೆಲ್ ನಡೆಸಿದ್ದು: ಮುಂದಿಟ್ಟ ಒಂದು ಮಿಠಾಯಿಯನ್ನು ಈಗ ತಿನ್ನದೆ ಕಾದರೆ ಆಮೇಲೆ ಎರಡು ಸಿಗುತ್ತದೆ. ಇದನ್ನು ಸೂರತ್ತಿನ ಜೈನ ಮನೆಯ ಮಕ್ಕಳ ಮುಂದಿಟ್ಟು ನೋಡಬೇಕು. ಮಾರ್ಷ್‌ಮೆಲ್ಲೊಗೆ ಹಾಕುವ ಜೆಲಟಿನ್ ಪ್ರಾಣಿಯ ಎಲುಬು, ಚರ್ಮದಿಂದ ಬಂದದ್ದು ಎಂದು ಗೊತ್ತಾದರೆ ಸಾಕು, ಲೋಕ ಹಿಂದೆಂದೂ ಕಾಣದ ಸಂಯಮ ದಾಖಲಾಗುತ್ತದೆ. ಅದರ ಬದಲು ತುಪ್ಪ ಸುರಿಯುವ ಸೂರತ್ತಿ ಘಾರಿ ಇಟ್ಟರೆ ಮಕ್ಕಳಿರಲಿ, ಪರೀಕ್ಷಕರೇ ಫೇಲು.

ಗುಜರಾತಿನ ನೆಲದಲ್ಲಿ ನಿಂತು ಡೇವಿಡ್ ಮೆಕ್‌ಲೆಲಂಡ್ ಅವರನ್ನು ನೆನೆಯದೆ ಹೋಗುವುದು ಅಪಚಾರ. ಬಡ ದೇಶಗಳು ಬಡವಾಗಿರಲು ಜನರಲ್ಲಿ ಸಾಧನೆಯ ಹಂಬಲ ಕಡಿಮೆ ಇರುವುದೂ ಕಾರಣ ಎಂದು ಈ ಹಾರ್ವರ್ಡ್ ಪ್ರೊಫೆಸರು 1961ರಲ್ಲಿ ದೊಡ್ಡ ಪುಸ್ತಕ ಬರೆದರು. ಚಿತ್ರ ತೋರಿಸಿ ಕಥೆ ಹೇಳಿಸಿ ಆ ಹಂಬಲವನ್ನು ಅಳೆಯುತ್ತಿದ್ದರು. 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಅದನ್ನು ತರಬೇತಿಯ ಮೂಲಕ ತುಂಬುವ ಪ್ರಯೋಗವೂ ನಡೆಯಿತು. ಕಥೆಯ ನಾಯಕ ಒಬ್ಬನೇ ಗೆಲ್ಲಬೇಕು, ಆಗ ಅಂಕ ಜಾಸ್ತಿ. ಸೂರತ್ತಿನ ವ್ಯಾಪಾರಿಯ ಕಥೆಯಲ್ಲಿ ನಾಯಕನೊಬ್ಬನೇ ಬರುವುದೇ ಇಲ್ಲವಲ್ಲ! ಮಾವನ ಬಂಡವಾಳ, ಚಿಕ್ಕಪ್ಪನ ಶೆಡ್ಡು, ಊರಿನವನ ಜಾಮೀನು, ಹೆಂಡತಿಯ ತಮ್ಮನ ಏಜೆನ್ಸಿ. ಮಹಿಧರಪುರಾದ ಬೀದಿಯಲ್ಲಿ ಮಡಿಸಿದ ಕಾಗದದ ಪೊಟ್ಟಣದಲ್ಲಿ ವಜ್ರ ಕೈಯಿಂದ ಕೈಗೆ ಹೋಗುವುದು ಯಾರೋ ಒಬ್ಬನ ಹಂಬಲದಿಂದಲ್ಲ, ಯಾರ ಮಗ ಎಂದು ಎಲ್ಲರಿಗೂ ಗೊತ್ತಿರುವುದರಿಂದ. ಸಾಧನೆಯ ಹಂಬಲ ಸಾಲದು ಎಂಬ ಮಾತು ಆ ಬೀದಿಗೆ ಕೇಳಿಸಿದ್ದರೆ, ಹಂಬಲಕ್ಕೆ ಕಮಿಷನ್ ಎಷ್ಟು ಎಂದು ವಿಚಾರಿಸುತ್ತಿದ್ದರು.

ಅಹಮದಾಬಾದಿಗೆ ಬಂದವರ ಭಾಗ್ಯ ಸ್ವಲ್ಪ ಮೇಲು. ಲಂಡನ್ನಿನ ತಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಕ್ಯಾಲಿಕೊ ಮಿಲ್ಲಿಗೆ ಬಂದು, ಒಬ್ಬೊಬ್ಬರಾಗಿ ದುಡಿಯುವ ಬದಲು ಸಣ್ಣ ಗುಂಪುಗಳಾಗಿ ಮಗ್ಗ ನೋಡಿಕೊಂಡರೆ ಹೇಗೆ ಎಂದರು. ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು, ಉತ್ಪಾದನೆ ಏರಿತು, ಲಂಡನ್ನಿಗೆ ಸಿದ್ಧಾಂತ ಸಿಕ್ಕಿತು. ಎರಿಕ್ ಎರಿಕ್‌ಸನ್ 1962ರಲ್ಲಿ ಸೆಮಿನಾರಿಗೆಂದು ಬಂದವರು, 1918ರ ಮಿಲ್ ಮುಷ್ಕರದ ಕಥೆ ಕೇಳುತ್ತ ಗಾಂಧಿಯ ಬೆನ್ನು ಹತ್ತಿ 1969ರಲ್ಲಿ ಪುಸ್ತಕವನ್ನೇ ಬರೆದರು, ಪುಲಿಟ್ಜರ್ ಬಂತು. ಕಲಿಸಲು ಬಂದು ಕಲಿತು ಹೋದವರು ಅಪರೂಪ. ಅವರ ಮೇಲೆ ವ್ಯಂಗ್ಯ ಮಾಡಲು ನನಗೆ ಕೈ ಬಾರದು.

ಕೈ ಬರುವುದು ಇನ್ನೊಂದು ಕಥೆಗೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಯಿತು. ನೆಲ ನಡುಗಿದರೂ ಹಾನಿಯಾಗದ ಊರುಗಳಲ್ಲಿ, ಇನ್ನೂ ದೊಡ್ಡ ಅನಾಹುತ ಬರುತ್ತದೆ ಎಂಬ ಗಾಳಿಸುದ್ದಿಗಳು ಹಬ್ಬಿದವು. ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಇವನ್ನೆಲ್ಲ ಕೂಡಿಟ್ಟು 1935ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬರೆದರು. ಎಷ್ಟೋ ವರ್ಷದ ಮೇಲೆ ಅದು ಅಮೆರಿಕದ ಲಿಯಾನ್ ಫೆಸ್ಟಿಂಗರ್ ಕಣ್ಣಿಗೆ ಬಿತ್ತು. ಬಚಾವಾದವರು ಹೆದರಿಸುವ ಸುದ್ದಿಯನ್ನೇ ಯಾಕೆ ನಂಬಿದರು? ಹೆದರಿಕೆ ಆಗಲೇ ಒಳಗಿತ್ತು, ಅದಕ್ಕೊಂದು ಕಾರಣ ಬೇಕಿತ್ತು ಎಂದು ಅವರಿಗೆ ಹೊಳೆಯಿತು. 1957ರಲ್ಲಿ ಸಿದ್ಧಾಂತ ಹೊರಬಿತ್ತು. ನಂಬಿಕೆಗೂ ನಡತೆಗೂ ತಾಳೆಯಾಗದಿದ್ದಾಗ ಮನಸ್ಸು ತನ್ನನ್ನೇ ಸಮಜಾಯಿಸಿಕೊಳ್ಳುವ ಆ ಸಿದ್ಧಾಂತವನ್ನು ನಮ್ಮ ಹುಡುಗರು ಇಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಫೆಸ್ಟಿಂಗರ್ ಹೆಸರಿಗೆ ಅಂಕ ಉಂಟು, ಪ್ರಸಾದರದು ಸಿಲೆಬಸ್ಸಿನ ಹೊರಗೆ.

ಆ ಸಿದ್ಧಾಂತವನ್ನು ಸಾಬೀತು ಮಾಡಿದ ಹೆಸರಾಂತ ಪ್ರಯೋಗ 1959ರದು. ಸ್ಟ್ಯಾನ್‌ಫರ್ಡಿನ ಹುಡುಗರಿಗೆ ಒಂದು ಗಂಟೆ ಗೂಟ ತಿರುಗಿಸುವಂಥ ಬೇಸರದ ಕೆಲಸ ಕೊಟ್ಟು, ಹೊರಗೆ ಕಾದವರಿಗೆ ‘ಬಹಳ ಚೆನ್ನಾಗಿತ್ತು’ ಎಂದು ಸುಳ್ಳು ಹೇಳಲು ಕೆಲವರಿಗೆ ಒಂದು ಡಾಲರ್, ಕೆಲವರಿಗೆ ಇಪ್ಪತ್ತು ಡಾಲರ್ ಕೊಟ್ಟರು. ಒಂದೇ ಡಾಲರ್ ಪಡೆದವರು ಕೆಲಸ ನಿಜವಾಗಿಯೂ ಚೆನ್ನಾಗಿತ್ತು ಎಂದು ತಮ್ಮನ್ನೇ ನಂಬಿಸಿಕೊಂಡರು. ಈ ಲೆಕ್ಕದಲ್ಲಿ ಕೂಲಿ ಕಡಿಮೆಯಾದಷ್ಟೂ ಕೆಲಸದ ಮೇಲೆ ಪ್ರೀತಿ ಜಾಸ್ತಿ. ಈ ಸಂತೋಷದ ಸುದ್ದಿಯನ್ನು ಉಧ್ನಾದ ಶೇಠ್‌ಗಳಿಗೆ ಇನ್ನೂ ಯಾರೂ ಅನುವಾದಿಸಿ ಕೊಟ್ಟಂತಿಲ್ಲ. ಹೆದರಿಕೆಯ ಮಾತಿಗೆ ಮರಳಿದರೆ, 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಗಟ್ಟಲೆ ಜನ ಸೂರತ್ ಬಿಟ್ಟು ಓಡಿದಾಗಲೂ ಪಠ್ಯಪುಸ್ತಕದ ವಿವರಣೆ ಸಿದ್ಧವಾಗಿಯೇ ಇತ್ತು. ಓಡಿದವರಲ್ಲಿ ಖಾಸಗಿ ಡಾಕ್ಟರುಗಳೂ ಇದ್ದರು. ಅವರದು ಮುನ್ನೆಚ್ಚರಿಕೆ, ಕೂಲಿಯವರದು ಗುಂಪುಭೀತಿ.

ಹೊರಗಿನವರನ್ನು ಬೈದದ್ದು ಸಾಕು. ನಮ್ಮವರು ಏನು ಮಾಡುತ್ತಿದ್ದಾರೆ? ಗೂಗಲ್ ಫಾರಂ ಕಳಿಸುತ್ತಿದ್ದಾರೆ. ಇಂಗ್ಲಿಷಿನಲ್ಲಿ, ವಾಟ್ಸಾಪಿನಲ್ಲಿ, ತಮ್ಮದೇ ವಿಭಾಗದ ಹುಡುಗ ಹುಡುಗಿಯರಿಗೆ, ಇಂಟರ್ನಲ್ ಅಂಕದ ಮುಗುಳ್ನಗೆಯೊಂದಿಗೆ. ಬಂದ ಉತ್ತರಕ್ಕೆ ‘ಭಾರತೀಯ ಮನಸ್ಸು’ ಎಂದು ಶೀರ್ಷಿಕೆ. ಅಮೆರಿಕದ ಕುರ್ಚಿಯನ್ನು ಬೈಯುತ್ತ ಬೈಯುತ್ತ ಅದೇ ಅಳತೆಯ ಕುರ್ಚಿಯನ್ನು ಜಯನಗರದಲ್ಲಿ ಮಾಡಿಸಿ ಇಟ್ಟಿದ್ದಾರೆ. ಇದಕ್ಕೆ ಬೇಸತ್ತವರು ಎದ್ದು ಇನ್ನೊಂದು ಅಂಗಡಿ ತೆರೆದಿದ್ದಾರೆ. ಅಲ್ಲಿ ಎಲ್ಲವೂ ಪತಂಜಲಿಯಲ್ಲೇ ಇದೆ, ಫ್ರಾಯ್ಡ್ ಬರಿಯ ಕಾಪಿ. ಇವರೂ ಉಧ್ನಾದ ಶೆಡ್ಡಿಗೆ ಹೋಗುವುದಿಲ್ಲ. ಸತ್ವ, ರಜಸ್ಸು, ತಮಸ್ಸುಗಳಿಗೂ ಐದು ಚೌಕಗಳ ಪ್ರಶ್ನಾವಳಿ ಮಾಡಿ ಅದೇ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ.

ಒಂದೇ ಒಂದು ಕಡೆ ನಮ್ಮವರೂ ಇಡೀ ದೇಶದ ಅಳತೆಗೋಲಾಗಿದ್ದರು. ಪ್ಯಾರಿಸ್ಸಿನಲ್ಲಿ 1905ರಲ್ಲಿ ಹುಟ್ಟಿ, 1916ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವೇಷ ಬದಲಿಸಿದ ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಆ ಬಿನೆ–ಕಾಮತ್ ಪರೀಕ್ಷೆ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇತ್ತೀಚಿನವರೆಗೂ ಸರ್ಟಿಫಿಕೇಟು ಕೊಡುತ್ತ ಬಂದಿದೆ. ನಮ್ಮ ಮುತ್ತಜ್ಜಂದಿರ ಕಾಲದ ಧಾರವಾಡದ ಹುಡುಗರಿಗೆ ತಾವು ಇಷ್ಟು ದೀರ್ಘಕಾಲ ರಾಷ್ಟ್ರದ ಮಾನದಂಡವಾಗಿ ದುಡಿಯುತ್ತೇವೆಂದು ಗೊತ್ತಿದ್ದರೆ, ಆ ದಿನ ಇನ್ನೊಂದಿಷ್ಟು ನೆಟ್ಟಗೆ ಕೂತಿರುತ್ತಿದ್ದರು.

ನಮ್ಮ ಸಂಶೋಧಕರು ಇನ್ನೂ ಉಧ್ನಾದಲ್ಲೇ ಇದ್ದಾರೆ. ಊರಿಗೆ ಹೊರಟು ಪ್ಲಾಟ್‌ಫಾರ್ಮಿನಲ್ಲಿ ಬ್ಯಾಗಿನ ಮೇಲೆ ಕೂತ ಗಂಜಾಂನವನೊಬ್ಬನಿಗೆ ಕೊನೆಯ ಕಥೆ ಓದಿ ಹೇಳುತ್ತಿದ್ದಾರೆ. ಇದೂ ಮಿಲ್ಲರ್ ಅವರದೇ, ಡೇವಿಡ್ ಬರ್ಸಾಫ್ ಜೊತೆ ಸೇರಿ 1992ರಲ್ಲಿ ಪ್ರಕಟಿಸಿದ್ದು. ಬೆನ್ ಎಂಬಾತ ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕು. ಸ್ಟೇಷನ್ನಿನಲ್ಲಿ ಪರ್ಸು ಕಳುವಾಗಿದೆ, ಟಿಕೆಟ್ಟೂ ಹೋಗಿದೆ, ಯಾರೂ ಸಾಲ ಕೊಡುತ್ತಿಲ್ಲ. ಪಕ್ಕದಲ್ಲಿದ್ದ ಸಿರಿವಂತ ಕೋಟು ಬಿಟ್ಟು ಎದ್ದುಹೋಗಿದ್ದಾನೆ, ಜೇಬಿನಲ್ಲಿ ಟಿಕೆಟ್ ಇಣುಕುತ್ತಿದೆ. ಕದಿಯಬೇಕೇ, ಬೇಡವೇ? ಅಮೆರಿಕದ ನ್ಯೂ ಹೇವನ್ನಿನವರಲ್ಲಿ ಹೆಚ್ಚಿನವರು ಕಳ್ಳತನ ಕೂಡದು ಎಂದಿದ್ದರು. ಮೈಸೂರಿನವರಲ್ಲಿ ಹೆಚ್ಚಿನವರು ಗೆಳೆಯನ ಮದುವೆ ದೊಡ್ಡದು ಎಂದಿದ್ದರು.

ಗಂಜಾಂನವನು ಪೂರ್ತಿ ಕೇಳಿಸಿಕೊಂಡ. ‘ಅಷ್ಟು ದೊಡ್ಡ ಊರಲ್ಲಿ ಅವನ ಕಡೆಯವರು ಒಬ್ಬರೂ ಇರಲಿಲ್ಲವಾ ಸಾಹೇಬ್?’ ಎಂದ. ‘ಕೋಟಿನವನು ವಾಪಸು ಬಂದ ಮೇಲೆ ಅವನನ್ನೇ ಕೇಳಬಹುದಿತ್ತಲ್ಲ. ಇಲ್ಲ, ಜನರಲ್ ಬೋಗಿ ಹತ್ತಿ ಟಿಟಿಗೆ ಕೈ ಮುಗಿಯಬಹುದಿತ್ತು. ಮದುವೆ ಮನೆಯವರಾದರೂ ಯಾಕೆ ಒಬ್ಬನ ಕೈಲೇ ಉಂಗುರ ಕೊಟ್ಟು ಒಂಟಿಯಾಗಿ ಕಳಿಸಿದರು?’

ಫಾರಮ್ಮಿನಲ್ಲಿ ಇದ್ದದ್ದು ಎರಡೇ ಚೌಕ: ಕದಿಯಬೇಕು, ಕದಿಯಬಾರದು. ಸಂಶೋಧಕರು ಪೆನ್ನಿನ ಕ್ಯಾಪು ತೆಗೆದು, ಉತ್ತರ ಕೊಡದವರಿಗೆಂದು ಮೀಸಲಿಟ್ಟ 99 ಎಂಬ ಸಂಖ್ಯೆಯನ್ನು ಬರೆದುಕೊಂಡರು.